ಮರಳಿ ಬಾರದವರ ಮನೆಗಳು

ಮರಣವೆಂಬುದು ಎಷ್ಟೇ ದಾರುಣವಾದರೂ ಸಂಸ್ಕಾರ, ತಿಥಿ, ಬಂಧುಗಳ ಸಾಂತ್ವನಗಳಿಂದ ಮನಸ್ಸು ಕ್ರಮೇಣ ತಿಳಿಯಾಗುತ್ತದೆ. ಮನೆಯಿಂದ ಹೊರಟವನು ಸುಳಿವೇ ಇಲ್ಲದೆ ಕಾಣೆಯಾದರೆ ಆ ಸಮಾಧಾನವೂ ಇಲ್ಲ. ಹೆಂಡತಿ ಕುಂಕುಮ ಅಳಿಸಲಾರಳು. ತಾಯಿ ರಾತ್ರಿ ಬಾಗಿಲಿಗೆ ಅಗುಳಿ ಹಾಕಲಾರಳು.

ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನಚಾಲಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಭ್ಯಸಿಸಿದ ಅಮೆರಿಕದ ವಿದುಷಿ ಪಾಲಿನ್ ಬಾಸ್ ಇದನ್ನು ‘ಅನಿಶ್ಚಿತ ನಷ್ಟ’ವೆಂದು ಗುರುತಿಸಿದರು. ನಿದ್ರಾಹೀನತೆ, ಖಿನ್ನತೆ, ಯಾವುದನ್ನೂ ನಿರ್ಧರಿಸಲಾಗದ ಸ್ಥಿತಿ ಇದರಿಂದ ಉಂಟಾಗಬಹುದು. ಇದು ಮನೋದೌರ್ಬಲ್ಯವಲ್ಲ, ಪರಿಸ್ಥಿತಿಯ ಫಲವೆಂಬುದು ಅವರ ಮತ.

ಹನ್ನೆರಡು ವರ್ಷ ಕಾದು ದರ್ಭೆಯ ಪ್ರತಿಕೃತಿಗೆ ಸಂಸ್ಕಾರ ನಡೆಸುವ ಪದ್ಧತಿ ನಮ್ಮಲ್ಲುಂಟು. ಕಾನೂನಿನ ಅವಧಿ 7 ವರ್ಷ. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಮುಂದುವರಿದಿದೆ. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಅಷ್ಟು ಕಾಲ ಏನೂ ತಿಳಿಯದಿದ್ದರೆ, ಆತ ಬದುಕಿದ್ದಾನೆಂದು ಸಾಧಿಸುವ ಹೊಣೆ ಹಾಗೆ ವಾದಿಸುವವರದು. ಆದರೆ ಮರಣದ ದಿನವನ್ನು ಕಾನೂನು ಊಹಿಸಿಕೊಳ್ಳುವುದಿಲ್ಲವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದಕಾರಣ ಅವರ ಜೀವವಿಮೆಯ ಕಂತನ್ನು ತಪ್ಪದೆ ಕಟ್ಟುತ್ತಿರಬೇಕು. ಶೋಕದ ಭರದಲ್ಲಿ ಇದನ್ನು ಮರೆತ ಕುಟುಂಬ ವಿಮೆಯ ಹಣವನ್ನೂ ಕಳೆದುಕೊಳ್ಳಬಹುದು.

ಪೊಲೀಸರಿಗೆ ದೂರು ನೀಡಲು 24 ಗಂಟೆ ಕಾಯಬೇಕೆಂಬುದು ತಪ್ಪು ನಂಬಿಕೆ. ತಿಳಿದ ಕ್ಷಣವೇ ದೂರಿತ್ತು, ಅದರ ಪ್ರತಿಯನ್ನು ಜೋಪಾನವಾಗಿಡಬೇಕು. ಮುಂದೆ ಬ್ಯಾಂಕು, ವಿಮೆಗಳ ವ್ಯವಹಾರಕ್ಕೆ ಅದೇ ಆಧಾರ.

ನೆರೆಹೊರೆಯವರಾದ ನಾವು ‘ಮರೆತುಬಿಡಿ’ ಎನ್ನುವುದೂ ಸಲ್ಲದು, ‘ಬಂದೇ ಬರುತ್ತಾರೆ’ ಎನ್ನುವುದೂ ಸಲ್ಲದು. ಕಚೇರಿಗಳಿಗೆ ಜೊತೆಗೆ ಹೋಗೋಣ. ಹಬ್ಬಕ್ಕೆ ಕರೆಯುವುದನ್ನು ಮಾತ್ರ ನಿಲ್ಲಿಸದಿರೋಣ.