ಕೆಲಸ ಮುಂದಿರಲಿ, ದುಡ್ಡು ಒಂದು ಹೆಜ್ಜೆ ಹಿಂದಿರಲಿ

ಹತ್ತು ವರ್ಷ ಇದ್ದ ಬಾಡಿಗೆದಾರರು ಖಾಲಿ ಮಾಡಿದ ಮೇಲೆ ಮನೆಯೊಳಗೆ ಹೋಗಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಬಚ್ಚಲಿನ ಗೋಡೆ ಒದ್ದೆ, ಅಡುಗೆಕಟ್ಟೆಗೆ ಬಿರುಕು, ಸ್ವಿಚ್ ಬೋರ್ಡೆಲ್ಲ ಕಪ್ಪು. ಬಣ್ಣ ಬಳಿದು ಮತ್ತೆ ಬಾಡಿಗೆಗೆ ಕೊಟ್ಟರಾಯಿತು ಎಂದುಕೊಂಡವರು ಕೊನೆಗೆ ಪೂರ್ತಿ ರಿಪೇರಿಗೇ ಇಳಿಯಬೇಕಾಗುತ್ತದೆ. ಪರಿಚಯದವರು ಯಾರೋ ಒಬ್ಬ ಕಾಂಟ್ರಾಕ್ಟರನ್ನು ಕರೆತರುತ್ತಾರೆ. ಆತ ಎಲ್ಲ ಕೋಣೆ ಸುತ್ತಿ, ಗೋಡೆಗೆ ಎರಡು ಸಲ ಬಡಿದು ನೋಡಿ, “ಒಂದೇ ತಿಂಗಳು ಸಾರ್, ಕೀ ಕೈಗೆ ಕೊಡ್ತೀನಿ. ಅರ್ಧ ಅಡ್ವಾನ್ಸ್ ಮಾಡಿಬಿಡಿ” ಅನ್ನುತ್ತಾನೆ.

ಅರ್ಧ ದುಡ್ಡು ಕೈಬಿಟ್ಟಲ್ಲಿಂದಲೇ ತಾಪತ್ರಯ ಶುರು. ಮೊದಲ ವಾರ ಎಂಟು ಜನ ಬಂದು ಹಳೇ ಟೈಲ್ಸ್ ಒಡೆದು ಹಾಕುತ್ತಾರೆ. ಎರಡನೇ ವಾರ ಇಬ್ಬರು. ಮೂರನೇ ವಾರ ಫೋನ್ ಎತ್ತುವವರಿಲ್ಲ. ಹಾಗಂತ ಆತ ಮೋಸಗಾರನೇ ಆಗಿರಬೇಕಿಲ್ಲ. ಸಣ್ಣ ಕಾಂಟ್ರಾಕ್ಟರುಗಳ ಬಳಿ ಸ್ವಂತ ಬಂಡವಾಳ ಕಮ್ಮಿ. ನಿಮ್ಮ ಅಡ್ವಾನ್ಸು ಅವರ ಹಿಂದಿನ ಸೈಟಿನ ಬಾಕಿ ತೀರಿಸಲು ಹೋಗಿರುತ್ತದೆ, ನಿಮ್ಮ ಕೆಲಸ ಮುಂದುವರಿಯಲು ಮುಂದಿನ ಗಿರಾಕಿಯ ಅಡ್ವಾನ್ಸು ಬರಬೇಕಾಗುತ್ತದೆ.

ಇದಕ್ಕೆ ಮದ್ದು ಒಂದೇ. ಮಾಡಿದ ಕೆಲಸಕ್ಕೆ ಮಾತ್ರ ದುಡ್ಡು. ಆದರೆ ಮಾಡಿದ ಕೆಲಸಕ್ಕೆ ತಡವಿಲ್ಲದೆ ದುಡ್ಡು. ಈ ಮಾತಿನ ಮೊದಲರ್ಧ ಎಲ್ಲ ಮಾಲೀಕರಿಗೂ ಇಷ್ಟ. ಮರೆತುಹೋಗುವುದು ಎರಡನೇ ಅರ್ಧ.

ಮೊದಲು ಬಾಡಿಗೆಯ ಲೆಕ್ಕ

ನಾವೇ ಇರುವ ಮನೆಯಾದರೆ ಮನಸ್ಸಿಗೆ ಬಂದದ್ದು ಹಾಕಿಸಬಹುದು. ಬಾಡಿಗೆ ಮನೆಗೆ ಹಾಕುವ ದುಡ್ಡು ಮರಳಿ ಬರಬೇಕು. ಒಂದು ಉದಾಹರಣೆ ನೋಡಿ. ತಿಂಗಳಿಗೆ 15,000 ರೂ. ಬರುತ್ತಿದ್ದ ಮನೆಗೆ 5 ಲಕ್ಷ ಹಾಕಿ, ಬಾಡಿಗೆ 20,000 ಆಯಿತು ಅನ್ನಿ. ಹೆಚ್ಚಿಗೆ ಬರುವುದು ವರ್ಷಕ್ಕೆ 60,000. ಹಾಕಿದ 5 ಲಕ್ಷ ಮರಳಲು 8 ವರ್ಷ 4 ತಿಂಗಳು ಬೇಕು. ಕೆಲಸ ಎರಡು ತಿಂಗಳು ತಡವಾದರೆ 40,000 ರೂ. ಬಾಡಿಗೆ ಹೋಯಿತು, ಅಂದರೆ ಎಂಟು ತಿಂಗಳ ಹೆಚ್ಚುವರಿ ಬಾಡಿಗೆ ಕರಗಿತು. ನಿವೃತ್ತಿಯ ದುಡ್ಡನ್ನೋ ಪಿಎಫ್ ಹಣವನ್ನೋ ಇದಕ್ಕೆ ಹಾಕುವವರು ಈ ಲೆಕ್ಕವನ್ನು ಕೆಲಸ ಶುರುವಾಗುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಸೋರಿಕೆ, ವೈರಿಂಗ್, ಪೈಪು ಮೊದಲು. ಅಂದಚಂದ ಆಮೇಲೆ.

ಒಂದೇ ಪಟ್ಟಿ, ಮೂವರ ರೇಟು

ಮೂವರು ಕಾಂಟ್ರಾಕ್ಟರುಗಳನ್ನು ಕೇಳಿ ಕಡಿಮೆ ಹೇಳಿದವರಿಗೆ ಕೊಡುವುದು ರೂಢಿ. ಆದರೆ ಒಬ್ಬರು ಸಾಮಾನು ಸಮೇತ ಹೇಳಿರುತ್ತಾರೆ, ಇನ್ನೊಬ್ಬರು ಕೂಲಿ ಮಾತ್ರ, ಮತ್ತೊಬ್ಬರು ಒಡೆದ ಕಸ ಸಾಗಿಸುವುದನ್ನು ಸೇರಿಸಿಯೇ ಇರುವುದಿಲ್ಲ. ಹಾಗಾಗಿ ಪಟ್ಟಿ ನೀವೇ ಬರೆಯಿರಿ: ಯಾವ ಕೋಣೆಯಲ್ಲಿ ಯಾವ ಕೆಲಸ, ಯಾವ ಕಂಪನಿಯ ಪೈಪು, ಎಷ್ಟು ಅಳತೆಯ ಟೈಲ್ಸ್, ಎಷ್ಟು ಪಾಯಿಂಟ್, ಬಣ್ಣ ಎಷ್ಟು ಕೋಟು, ಕಸ ಯಾರ ಜವಾಬ್ದಾರಿ. ಅದೇ ಪಟ್ಟಿಯನ್ನು ಮೂವರಿಗೂ ಕೊಡಿ.

ಅಳತೆಯಲ್ಲೂ ಗೊಂದಲವಾಗುತ್ತದೆ. ಬಣ್ಣದ ರೇಟು ಬಳಿಯುವ ಜಾಗದ ಚದರ ಅಡಿಗೆ, ನೆಲದ ಚದರ ಅಡಿಗಲ್ಲ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ನೆಲ 120 ಚದರ ಅಡಿ. ನಾಲ್ಕು ಗೋಡೆ ಸೇರಿದರೆ 440, ಮೇಲಿನ ಚಾವಣಿ 120, ಒಟ್ಟು 560. ಇದರಲ್ಲಿ ಬಾಗಿಲು, ಕಿಟಕಿಯ ಜಾಗ ಕಳೆಯುತ್ತಾರೋ ಇಲ್ಲವೋ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಕೊನೆಯಲ್ಲಿ ಟೇಪ್ ಹಿಡಿಯುವಾಗ ಇಬ್ಬರೂ ಜೊತೆಗಿರಬೇಕು.

ಐದು ಲಕ್ಷವನ್ನು ಹೀಗೆ ಹಂಚಿ

ಸಾಮಾನು ಸಮೇತ 5 ಲಕ್ಷದ ಕೆಲಸ ಎಂದುಕೊಂಡರೆ, ದುಡ್ಡನ್ನು ತಾರೀಖಿಗೆ ಕಟ್ಟಬೇಡಿ, ಕೆಲಸದ ಹಂತಕ್ಕೆ ಕಟ್ಟಿ.

ಶುರುವಿಗೆ ಅಡ್ವಾನ್ಸ್ 50,000.

ಒಡೆಯುವ ಕೆಲಸ ಮುಗಿದು, ಗೋಡೆಯೊಳಗಿನ ಪೈಪು, ವೈರಿಂಗ್ ಕೊಳವೆ ಕೂತ ಮೇಲೆ 1 ಲಕ್ಷ. ಗೋಡೆ ಮುಚ್ಚುವ ಮೊದಲು ಪೈಪಿನಲ್ಲಿ ಒತ್ತಡದಿಂದ ನೀರು ತುಂಬಿಸಿ ಸೋರಿಕೆ ನೋಡಬೇಕು. ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವವರು ಪೈಪಿಗೆ ಹೊಡೆಯದಿರಲು ಅದೇ ನಕ್ಷೆ.

ವಾಟರ್‌ಪ್ರೂಫಿಂಗ್ ಪರೀಕ್ಷೆ, ಪ್ಲಾಸ್ಟರಿಂಗ್ ಮುಗಿದ ಮೇಲೆ 1 ಲಕ್ಷ. ಬಚ್ಚಲಿನ ನೀರು ಹೋಗುವ ರಂಧ್ರ ಮುಚ್ಚಿ, ಒಂದೆರಡು ಅಂಗುಲ ನೀರು ನಿಲ್ಲಿಸಿ 24ರಿಂದ 48 ಗಂಟೆ ಬಿಡಬೇಕು. ಕೆಳಗಿನ ಚಾವಣಿಯಲ್ಲಿ, ಪಕ್ಕದ ಗೋಡೆಯಲ್ಲಿ ತೇವ ಕಾಣದಿದ್ದರೆ ಮಾತ್ರ ಟೈಲ್ಸ್.

ಟೈಲ್ಸ್, ಬಾಗಿಲು, ಕಿಟಕಿ ಆದ ಮೇಲೆ 1 ಲಕ್ಷ. ಬಣ್ಣ, ನಲ್ಲಿ, ಸ್ವಿಚ್ಚು ಎಲ್ಲ ಕೂತ ಮೇಲೆ 1 ಲಕ್ಷ. ಉಳಿದ 50,000 ಒಂದು ತಿಂಗಳ ನಂತರ.

“ಒಂದೇ ತಿಂಗಳು” ಎಂಬ ಮಾತು ಯಾಕೆ ನಿಲ್ಲುವುದಿಲ್ಲ ಅನ್ನುವುದೂ ಈ ಪಟ್ಟಿಯಲ್ಲೇ ಗೊತ್ತಾಗುತ್ತದೆ. ಹೊಸ ಪ್ಲಾಸ್ಟರಿಗೆ ಕನಿಷ್ಠ 7 ದಿನ ನೀರು ಹೊಡೆಯಬೇಕು. ಆಮೇಲೆ ಅದು ಚೆನ್ನಾಗಿ ಆರಬೇಕು. ಪ್ಲಾಸ್ಟರ್ ಆಗಿ ಸುಮಾರು ನಾಲ್ಕು ವಾರ ಕಳೆದ ಮೇಲೆ ಬಣ್ಣ ಬಳಿದರೆ ಒಳ್ಳೆಯದು. ಅವಸರ ಮಾಡಿದರೆ ಬಣ್ಣ ಹೊಪ್ಪಳೆ ಏಳುತ್ತದೆ. ಆಗ ತಪ್ಪು ಕಾಂಟ್ರಾಕ್ಟರದೋ, ದಿನಾ ಫೋನ್ ಮಾಡಿ ಅವಸರಿಸಿದ ಮಾಲೀಕರದೋ?

ಶನಿವಾರದ ಬಟವಾಡೆ

ಹಂತ ಏನೇ ಬರೆದುಕೊಂಡರೂ ಶನಿವಾರ ಸಂಜೆ ಮೇಸ್ತ್ರಿ ಬಂದು ನಿಲ್ಲುತ್ತಾರೆ. “ಅಕ್ಕಾ, ಹುಡುಗ್ರಿಗೆ ಬಟವಾಡೆ ಮಾಡ್ಬೇಕು, ಇಪ್ಪತ್ತು ಸಾವಿರ ಕೊಡಿ.” ಇದು ನೆಪವಲ್ಲ. ಬೆಂಗಳೂರಿನ ಸೈಟುಗಳಲ್ಲಿ ಗಾರೆ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಸಂಸಾರ ಸಮೇತ ಬಂದವರು ಬಹಳ. ವಾರದ ಕೂಲಿಯಲ್ಲೇ ಅವರ ರೇಷನ್ನು, ಊರಿಗೆ ಕಳಿಸುವ ದುಡ್ಡು. ಬಟವಾಡೆ ತಪ್ಪಿದರೆ ಸೋಮವಾರ ಅವರು ಬೇರೆ ಸೈಟಿಗೆ ಹೋಗುತ್ತಾರೆ. ಅದು ಅವರ ತಪ್ಪಲ್ಲ.

ಹಾಗಾದರೆ ಏನು ಮಾಡಬೇಕು? ಮುಂದಿನ ಹಂತದ 1 ಲಕ್ಷದೊಳಗೇ ವಾರವಾರ ಕೊಡಿ, ಆ ವಾರ ಆದ ಕೆಲಸದ ಬೆಲೆ ಮೀರದಂತೆ. ಒಂದು ನೋಟುಬುಕ್ಕಿನಲ್ಲಿ ತಾರೀಖು, ಮೊತ್ತ, ಬಾಕಿ ಬರೆದು ಇಬ್ಬರೂ ಸಹಿ ಹಾಕಿ. ಗೌರಿ ಹಬ್ಬ, ಯುಗಾದಿ, ಊರಿನ ಜಾತ್ರೆಗೆ ಕೆಲಸಗಾರರು ಊರಿಗೆ ಹೋಗುತ್ತಾರೆಂದು ಮೊದಲೇ ಕೇಳಿಕೊಂಡು ದಿನ ಲೆಕ್ಕ ಹಾಕಿ. ಹಬ್ಬದ ಹಿಂದಿನ ದಿನ ಬಾಕಿ ಇಟ್ಟುಕೊಂಡು “ಬಂದ್ಮೇಲೆ ಕೊಡ್ತೀನಿ” ಅಂದರೆ ವಾಪಸು ಬರುವ ಮನಸ್ಸು ಯಾರಿಗಿರುತ್ತದೆ?

‘ಎಕ್ಸ್‌ಟ್ರಾ’ ಎಂಬ ತೂತು

ಹಳೇ ಮನೆಯ ಟೈಲ್ಸ್ ಕಿತ್ತ ಮೇಲೆ ತುಕ್ಕು ಹಿಡಿದ ಪೈಪು ಸಿಕ್ಕೇ ಸಿಗುತ್ತದೆ. ಒಟ್ಟು ಬಜೆಟ್ಟಿನ ಹತ್ತನೇ ಒಂದು ಭಾಗವನ್ನಾದರೂ ಇದಕ್ಕೆಂದೇ ತೆಗೆದಿಡಿ. ಜಗಳ ಬರುವುದು ಪೈಪಿನಿಂದಲ್ಲ, ಬಾಯಿಮಾತಿನಿಂದ. “ಇದೊಂದು ಶೆಲ್ಫ್ ಹಾಕ್ಬಿಡಿ” ಎಂದು ನೀವು ಅಂದಿರುತ್ತೀರಿ. ಕೊನೆಯ ಬಿಲ್ಲಿನಲ್ಲಿ ಅಂಥ ಹದಿನೈದು ಸಾಲು ಇರುತ್ತವೆ. ಹೆಚ್ಚುವರಿ ಕೆಲಸ ಶುರುವಾಗುವ ಮೊದಲು ವಾಟ್ಸ್ಆ್ಯಪ್‌ನಲ್ಲಿ ಮೂರು ವಿಷಯ ಬರಲಿ: ಏನು ಕೆಲಸ, ಎಷ್ಟು ದುಡ್ಡು, ಎಷ್ಟು ದಿನ ಹೆಚ್ಚು. ನೀವು ‘ಒಪ್ಪಿಗೆ’ ಎಂದು ಉತ್ತರಿಸಿದ ಮೇಲೆಯೇ ಕೆಲಸ.

ವಿದೇಶದಲ್ಲೋ ಬೇರೆ ಊರಲ್ಲೋ ಇದ್ದು ಇಲ್ಲಿನ ಮನೆ ರಿಪೇರಿ ಮಾಡಿಸುವವರಿಗೆ ಇನ್ನೊಂದು ಮಾತು. ಚಿಕ್ಕಪ್ಪನನ್ನೋ ಭಾವನನ್ನೋ ಕೆಲಸ ನೋಡಿಕೊಳ್ಳಲು ಹೇಳಿ, ದುಡ್ಡು ಮಾತ್ರ ನಿಮ್ಮ ಖಾತೆಯಿಂದ ನೇರವಾಗಿ ಹೋಗಲಿ. ದುಡ್ಡೂ ಅವರ ಕೈಯಲ್ಲೇ ಓಡಾಡಿದರೆ ಮನೆಯ ಜೊತೆ ಸಂಬಂಧವೂ ರಿಪೇರಿಗೆ ಬರುತ್ತದೆ.

ಬಿಲ್ಲು ಬಿಸಾಡಬೇಡಿ

ಬಾಡಿಗೆ ಆದಾಯದಿಂದ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ 30% ಕಡಿತ ಆದಾಯ ತೆರಿಗೆಯಲ್ಲಿ ತಾನಾಗಿಯೇ ಸಿಗುತ್ತದೆ. ರಿಪೇರಿಗೆ ಎಷ್ಟೇ ಖರ್ಚು ಮಾಡಿದರೂ ಅದಕ್ಕೆಂದು ಬೇರೆ ಕಡಿತ ಇಲ್ಲ. ಆದರೆ ಕೋಣೆ ಸೇರಿಸಿದಂಥ ಶಾಶ್ವತ ಸುಧಾರಣೆಯ ಖರ್ಚನ್ನು ಮುಂದೆ ಮನೆ ಮಾರುವಾಗ ಲಾಭದಿಂದ ಕಳೆಯಲು ಅವಕಾಶವಿದೆ, ಬಿಲ್ಲು ಇದ್ದರೆ. ಇನ್ನು, ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದನ್ನು ಕಾನೂನು ನಿಷೇಧಿಸಿದೆ. ದಂಡ ಬೀಳುವುದು ಪಡೆದವರಿಗೆ. ಬ್ಯಾಂಕ್ ಮೂಲಕ ಕೊಟ್ಟರೆ ಇಬ್ಬರಿಗೂ ಕ್ಷೇಮ.

ಕೊನೆಯ ಐವತ್ತು ಸಾವಿರ

ಮಧ್ಯದಲ್ಲಿ ಹೊಂದಾಣಿಕೆ ಆಗದಿದ್ದರೆ ಆವರೆಗೆ ಆದ ಕೆಲಸವನ್ನು ಇಬ್ಬರೂ ನಿಂತು ಅಳೆದು, ಬರೆದು, ಲೆಕ್ಕ ಚುಕ್ತಾ ಮಾಡಿ ಬೇರೆಯವರನ್ನು ಕರೆಯಿರಿ. ಕೆಲಸ ಚೆನ್ನಾಗಿ ಮುಗಿದರೆ ಎಲ್ಲ ನಲ್ಲಿ ತಿರುಗಿಸಿ, ಎಲ್ಲ ಸ್ವಿಚ್ಚು ಒತ್ತಿ, ಉಳಿದ ಕುಂದುಕೊರತೆಯನ್ನು ಒಂದೇ ಸಲ ಪಟ್ಟಿ ಮಾಡಿ ಕೊಡಿ. ದಿನಕ್ಕೊಂದು ತಪ್ಪು ಹುಡುಕಿ ಕೊನೆಯ ಕಂತು ಮುಂದೂಡುವ ಮಾಲೀಕರ ಹೆಸರು ಮೇಸ್ತ್ರಿಗಳ ನಡುವೆ ಬೇಗ ಹರಡುತ್ತದೆ. ಮುಂದಿನ ಸಲ ಅವರಿಗೆ ಸಿಗುವ ರೇಟಿನಲ್ಲಿ ಆ ಅಪನಂಬಿಕೆಯ ಬೆಲೆಯೂ ಸೇರಿರುತ್ತದೆ.

ಪಟ್ಟಿಯಲ್ಲಿರುವುದು ಸರಿಯಾಗಿ, ಹೇಳಿದ ತಿಂಗಳು ಕಳೆದ ದಿನವೇ ಆ 50,000 ಕೊಟ್ಟುಬಿಡಿ. ಬಾಡಿಗೆ ಮನೆ ಇಟ್ಟುಕೊಂಡವರಿಗೆ ಭಾನುವಾರ ಬೆಳಗ್ಗೆ “ಆಂಟೀ, ಬಚ್ಚಲಲ್ಲಿ ನೀರು ನಿಲ್ತಾ ಇಲ್ಲ” ಎಂಬ ಫೋನು ಬರುವುದು ತಪ್ಪಿದ್ದಲ್ಲ. ಆಗ ನೀವು ಕರೆದರೆ ಒಂದೇ ರಿಂಗಿಗೆ ಫೋನ್ ಎತ್ತಿ, “ಬಂದೆ ಮೇಡಂ” ಅನ್ನುವ ಒಬ್ಬ ಮೇಸ್ತ್ರಿ ಇರಬೇಕು.