ಮನೆತನದ ಮೂಲವೂ ನಾಡಿನ ಹಾಡೂ

‘ನಾವು ಎಲ್ಲಿಯವರು?’ ಎಂದು ಮಕ್ಕಳು ಕೇಳಿದರೆ ಮನೆಯ ಹಿರಿಯರು ಮೂಲಗ್ರಾಮವನ್ನೂ ಗೋತ್ರವನ್ನೂ ಹೇಳಿ ಸುಮ್ಮನಾಗುವರು. ಅಷ್ಟರಿಂದಲೇ ಒಬ್ಬನು ಯಾವ ನಾಡಿನವನೆಂಬುದು ನಿಶ್ಚಯವಾಗುವದೇ? ಈ ಪ್ರಶ್ನೆಯ ಉತ್ತರವನ್ನು ನಾನು ಶಾಸ್ತ್ರಗ್ರಂಥಗಳಿಂದಲ್ಲ, ನನ್ನದೇ ಒಂದು ತಪ್ಪಿನಿಂದ ಕಲಿತೆನು.

ಅಧ್ಯಾಪಕನಾಗಿದ್ದಾಗ ಒಂದು ವರ್ಷ ರಾಜ್ಯೋತ್ಸವಕ್ಕೆಂದು, ಗದುಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ನಾಡಗೀತವನ್ನು ಹುಡುಗರಿಂದ ಹಾಡಿಸಬೇಕಾಗಿತ್ತು. ಕನ್ನಡ ಮನೆಮಾತಿನವರನ್ನು ಮಾತ್ರ ಆರಿಸಿದೆನು. ಮರಾಠಿ ಮನೆಮಾತಿನ ಬಾಲಕನೊಬ್ಬನು ಮೆಲ್ಲನೆ ಬಂದು, “ಸರ, ಆ ಹಾಡು ನನಗೂ ಬರತದರಿ, ನಮ್ಮಜ್ಜೀನ ಕಲಿಸ್ಯಾಳ” ಎಂದನು. ನಾನು ಪಟ್ಟಿಯನ್ನು ಬದಲಿಸಲಿಲ್ಲ. ಆ ಲಜ್ಜೆಯು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಸೀಮೆಯ ಚರಿತ್ರೆಯನ್ನಾದರೂ ನಾನು ನೆನೆಯಬೇಕಾಗಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲೊಂದಾಗಿ ಹೆಸರಿಸಿದ ಪುಲಿಗೆರೆಯೇ ಲಕ್ಷ್ಮೇಶ್ವರವು. ಆದರೂ 1948ರ ವಿಲೀನದ ವರೆಗೆ ಅದು ಮಿರಜ ಸಂಸ್ಥಾನಕ್ಕೂ, ನೆರೆಯ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತದಲ್ಲಿದ್ದವು. ಆಳುವವರು ಬೇರೆಯಾದರೇನು? ವೀರನಾರಾಯಣನ ಅಂಕಿತದ ಕುಮಾರವ್ಯಾಸ ಭಾರತವನ್ನು ಓದಿಸಿ ಕೇಳುವ ಜನಕ್ಕೆ ಆ ಗಡಿಗಳು ಅಡ್ಡಬರಲಿಲ್ಲ.

ನಾಟಕದ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ಶಿರಹಟ್ಟಿಯನ್ನಾಳುತ್ತಿದ್ದ ಸಾಂಗಲಿಯ ಅರಸರು ಉತ್ತರ ಕನ್ನಡದ ಭಾಗವತ ಮೇಳದ ಆಟವನ್ನು ಕಂಡು ಮೆಚ್ಚಿದರು. ಅವರ ಅಪ್ಪಣೆಯಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದರು. ಮುಂದೆ ಮರಾಠಿ ನಾಟಕ ಮಂಡಳಿಗಳು ನಮ್ಮ ಊರುಗಳಿಗೇ ಬಂದು ಜನಮನವನ್ನು ಸೂರೆಗೊಳ್ಳಲು, ಶಿಕ್ಷಕರಾಗಿದ್ದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಕನ್ನಡದಲ್ಲಿ ರಂಗಕ್ಕೆ ತಂದರು. ಇಲ್ಲಿಂದ ಹೋದ ಆಟವು ಮರಾಠಿಯಲ್ಲಿ ಬೆಳೆದು ಮರಳಿ ಬಂದು ನಮ್ಮನ್ನು ಎಚ್ಚರಿಸಿತು. ಇದರಲ್ಲಿ ತಮ್ಮದೆಷ್ಟು, ಪರರದೆಷ್ಟು ಎಂದು ಯಾರು ಅಳೆಯಬಲ್ಲರು?

ವ್ಯಕ್ತಿಗಳ ವಿಷಯದಲ್ಲಿಯೂ ಹೀಗೆಯೇ. ಧಾರವಾಡದ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರನ್ನು ಬಿಟ್ಟು ಕನ್ನಡ ಕಾವ್ಯವನ್ನು ಎಣಿಸುವದು ಸಾಧ್ಯವೇ? ನನ್ನ ಪಟ್ಟಿಯ ನಿಯಮದಂತೆ ನಡೆದಿದ್ದರೆ ಅಂಥವರೂ ಹೊರಗೆ ನಿಲ್ಲಬೇಕಾಗುತ್ತಿತ್ತು!

1956ರ ನವೆಂಬರ 1ರಂದು ಈ ಸೀಮೆಗಳೆಲ್ಲವೂ ಒಂದೇ ರಾಜ್ಯದಲ್ಲಿ ಕೂಡಿದವು. ಆದರೆ ಅದಕ್ಕೂ ಮುಂಚೆಯೇ ಹಾಡು, ಆಟ, ಪುರಾಣಶ್ರವಣಗಳು ಜನರನ್ನು ಕೂಡಿಸಿದ್ದವು. ವಂಶವು ಹುಟ್ಟಿನೊಡನೆ ಬರುವದು. ನಾಡಾದರೋ ಒಡನೆ ಕುಳಿತು ಕೇಳಿ, ಒಡನೆ ಹಾಡಿ ನಮ್ಮದಾಗುವದು.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೇ: ಮಕ್ಕಳಿಗೆ ಮನೆತನದ ಮೂಲವನ್ನು ಅವಶ್ಯವಾಗಿ ಹೇಳಿರಿ, ಜೊತೆಗೆ ಅಜ್ಜಿಯರ ಹಾಡುಗಳನ್ನೂ ಕಲಿಸಿರಿ. ಆ ಹಾಡನ್ನು ಬಲ್ಲೆನೆಂದು ನೆರೆಮನೆಯ ಮಗು ಬಂದರೆ, ಮೂಲವನ್ನು ಕೇಳದೆ ಮಗ್ಗುಲಲ್ಲಿ ಕೂಡಿಸಿಕೊಳ್ಳಿರಿ. ನಾನು ಅಂದು ಮಾಡದೆ ಹೋದುದು ಅದೊಂದನ್ನೇ.