ತಪ್ಪು ಹೇಳಿಕೊಂಡ ಪೈಲಟ್‌ಗೆ ಯಾಕೆ ದಂಡ ಹಾಕಲ್ಲ?

ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಿಂದ ಮಾತಾಡ್ತಿದೀನಿ. ಮಧ್ಯೆ ವಿಮಾನದ ಸದ್ದು ಬಂದ್ರೆ ಬೇಜಾರಾಗ್ಬೇಡಿ, ದಮ್ ದಮ್ ಇಲ್ಲೇ ಹತ್ರ. ಇವತ್ತಿನ ವಿಷಯಾನೂ ವಿಮಾನದ್ದೇ.

ಮೊದಲು ನನ್ನ ಕತೆ. ಹಿಂದಿನ ಕಂಪನಿಯಲ್ಲಿ ಒಂದು ರಾತ್ರಿ, ಟೆಸ್ಟ್ ಸರ್ವರ್ ಅಂದ್ಕೊಂಡು ಪ್ರೊಡಕ್ಷನ್‌ನಲ್ಲಿ ಡಿಲೀಟ್ ಕಮಾಂಡ್ ಟೈಪ್ ಮಾಡಿದ್ದೆ. ಎಂಟರ್ ಒತ್ತೋ ಮುಂಚೆ ಗೊತ್ತಾಯ್ತು. ಎರಡೂ ಸ್ಕ್ರೀನ್ ಒಂದೇ ಥರ ಕಾಣ್ತಿದ್ವು. ಅಪ್ರೈಸಲ್ ಟೈಮು, ಯಾರಿಗೂ ಹೇಳಲಿಲ್ಲ. ಮೂರು ವಾರದ ಮೇಲೆ ನಮ್ಮ ಟೀಮಿನ ಬಂಗಾಳಿ ಹುಡುಗ ಅದೇ ತಪ್ಪು ಮಾಡಿದ. ಅವನು ಎಂಟರ್ ಒತ್ತಿಬಿಟ್ಟ.

1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಹತ್ತಿರ ಇಳಿಯಲು ಬರುತ್ತಿದ್ದ ಟಿಡಬ್ಲ್ಯುಎ 514 ವಿಮಾನ ಬೆಟ್ಟಕ್ಕೆ ಬಡಿದು, ಒಳಗಿದ್ದ 92 ಜನರೂ ಸತ್ತರು. ಕಂಟ್ರೋಲರ್ ಕೊಟ್ಟ ಅನುಮತಿಯನ್ನು, ಈಗಲೇ ಕೆಳಗಿಳಿಯಬಹುದು ಅಂತ ಪೈಲಟ್‌ಗಳು ಅರ್ಥ ಮಾಡಿಕೊಂಡಿದ್ದರು. ಅದಕ್ಕೆ ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಅಲ್ಲೇ, ಹಾಗೇ ಕೆಳಗಿಳಿದು ಸ್ವಲ್ಪದರಲ್ಲಿ ಪಾರಾಗಿತ್ತು. ಅದರ ಪೈಲಟ್‌ಗಳು ಕಂಪನಿಗೆ ಹೇಳಿದ್ದರು, ಕಂಪನಿ ತನ್ನವರನ್ನು ಎಚ್ಚರಿಸಿಯೂ ಇತ್ತು. ಬೇರೆ ಕಂಪನಿಯವರಿಗೆ ಗೊತ್ತಾಗಲೇ ಇಲ್ಲ.

ಆಮೇಲೆ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ, ನಿಮ್ಮ ತಪ್ಪುಗಳನ್ನು ನೀವಾಗಿ ಬರೆದು ಕಳಿಸಿ ಅಂತ ಕೇಳಿತು. ಲೈಸೆನ್ಸ್ ಕಿತ್ತುಕೊಳ್ಳುವವರಿಗೇ ತಪ್ಪೊಪ್ಪಿಗೆ ಬರೆಯೋರು ಯಾರು? ಹಾಗಾಗಿ 1976ರಲ್ಲಿ ಆ ಕೆಲಸ ನಾಸಾ ಕೈಗೆ ಹೋಯಿತು. ನಾಸಾಗೆ ಯಾರ ಲೈಸೆನ್ಸನ್ನೂ ರದ್ದು ಮಾಡುವ ಅಧಿಕಾರವಿಲ್ಲ. ಫಾರ್ಮಿನಲ್ಲಿ ಹೆಸರಿರುವ ಚೀಟಿಯನ್ನು ಹರಿದು ಬರೆದವರಿಗೇ ವಾಪಸ್ ಕಳಿಸ್ತಾರೆ. ಬೇಕಂತ ಮಾಡಿದ ತಪ್ಪಲ್ಲದಿದ್ದರೆ, ಅಪಘಾತ ಆಗಿಲ್ಲದಿದ್ದರೆ, 10 ದಿನದೊಳಗೆ ಬರೆದವರಿಗೆ ಸಾಮಾನ್ಯವಾಗಿ ದಂಡವೂ ಇಲ್ಲ. ಇಲ್ಲಿವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ವರದಿ ಬಂದಿವೆ.

ಇದರ ಲಾಭ ಜಾಸ್ತಿ ಆಗೋದು ಸಣ್ಣ ವಿಮಾನದವರಿಗೆ ಅಂತ ನನಗನಿಸುತ್ತೆ. ದೊಡ್ಡ ಏರ್‌ಲೈನ್‌ಗೆ ಸುರಕ್ಷತೆ ನೋಡಿಕೊಳ್ಳೋಕೇ ಒಂದು ವಿಭಾಗ ಇರುತ್ತೆ. ಭಾನುವಾರ ಶೋಕಿಗೆ ಸೆಸ್ನಾ ಹಾರಿಸುವವನಿಗೆ, ಬೇರೆಯವರ ಅನುಭವ ತಿಳಿಯೋಕೆ ಇಂಥ ವರದಿಗಳೇ ದಾರಿ.

ನಮ್ಮ ಡಿಜಿಸಿಎಯಲ್ಲೂ ಸ್ವಯಂಪ್ರೇರಿತ ವರದಿಗೆ ವ್ಯವಸ್ಥೆ ಇದೆ, ಹೆಸರು ಗುಟ್ಟಾಗಿಡೋ ಭರವಸೆಯೂ ಇದೆ. ಆದ್ರೆ ವರದಿ ಹೋಗೋದು ಡಿಜಿಸಿಎಗೇ. ನಮ್ಮ ಜಕ್ಕೂರಿನಲ್ಲಿ ಹಾರೋದು ಕಲೀತಿರೋ ಹುಡುಗಿಯೊಬ್ಬಳು, ನಾಳೆ ತನಗೆ ಲೈಸೆನ್ಸ್ ಕೊಡಬೇಕಾದವರಿಗೇ ತನ್ನ ತಪ್ಪು ಬರೀತಾಳಾ? ನಾನಾಗಿದ್ರೆ ಬರೀತಿರಲಿಲ್ಲ. ಅಪ್ರೈಸಲ್ ಮುಂದೆ ಬಾಯಿ ಮುಚ್ಚಿಕೊಂಡು ಕೂತವನು ನಾನು.

ಆ ಹುಡುಗನಿಗೆ ಕೊನೆಗೆ ಹೇಳಿದೆ, ಕೆಲಸ ಬಿಡೋ ದಿನ, ಚಾ ಅಂಗಡಿ ಹತ್ರ. "ದಾದಾ, ಆವತ್ತೇ ಹೇಳ್ಬಹುದಿತ್ತಲ್ಲ" ಅಂದ, ಅಷ್ಟೇ. ಚಾ ದುಡ್ಡೂ ಅವನೇ ಕೊಟ್ಟ.